ಮೂವತ್ತು ಪೌಂಡಿನ ಕೊರಳು

1973ರ ಜನವರಿಯ ಒಂದು ಭಾನುವಾರ ಸಂಜೆ ಕ್ಲೇರ್ ಟಾರಿ ಎಂಬ ಇಪ್ಪತ್ತೈದು ವರ್ಷದ ಗಾಯಕಿ ಲಂಡನ್ನಿನ ಅಬಿ ರೋಡ್ ಸ್ಟುಡಿಯೋಗೆ ಹೋದರು. ಪಿಂಕ್ ಫ್ಲಾಯ್ಡ್ ಎಂಬ ರಾಕ್ ತಂಡ ಅಲ್ಲಿ ಹೊಸ ಆಲ್ಬಂ ಒಂದರ ಕೆಲಸದಲ್ಲಿತ್ತು. ತಂಡದ ಕೀಬೋರ್ಡ್ ವಾದಕ ರಿಚರ್ಡ್ ರೈಟ್ ಕಟ್ಟಿದ್ದ ಒಂದು ವಾದ್ಯದ ತುಣುಕನ್ನು ಆಕೆಗೆ ಕೇಳಿಸಿ, ಇದರ ಮೇಲೆ ಹಾಡಿ ಎಂದರು. ಹಾಡಲು ಪದಗಳಿರಲಿಲ್ಲ. ಹಿಡಿಯಲು ರಾಗವನ್ನೂ ಯಾರೂ ಹೇಳಿಕೊಟ್ಟಿರಲಿಲ್ಲ. ಆಕೆ ತನ್ನನ್ನೇ ಒಂದು ವಾದ್ಯ ಎಂದುಕೊಂಡು ಕೊರಳು ತೆರೆದರು. ಒಂದೆರಡು ಸಲ ಹಾಡಿ, ಇದು ಇವರಿಗೆ ಹಿಡಿಸಲಿಲ್ಲ, ಬಳಸಲಾರರು ಎಂದುಕೊಂಡು ಮನೆಗೆ ಹೋದರು. ಭಾನುವಾರದ ಕೆಲಸವಾದ್ದರಿಂದ ದುಪ್ಪಟ್ಟು ಕೂಲಿ: ಮೂವತ್ತು ಪೌಂಡು.

ಆ ವರ್ಷದ ಮಾರ್ಚಿನಲ್ಲಿ 'ದ ಡಾರ್ಕ್ ಸೈಡ್ ಆಫ್ ದ ಮೂನ್' ಬಿಡುಗಡೆಯಾಯಿತು. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಅದು 1988ರವರೆಗೆ ಒಟ್ಟು 740 ವಾರಗಳಷ್ಟು ಉಳಿಯಿತು. ಜಗತ್ತಿನಲ್ಲಿ ಅದರ ನಾಲ್ಕೂವರೆ ಕೋಟಿ ಪ್ರತಿಗಳು ಖರ್ಚಾಗಿವೆ ಎಂಬ ಅಂದಾಜಿದೆ. ತನ್ನ ದನಿ ಅದರಲ್ಲಿದೆ ಎಂದು ಟಾರಿಗೆ ಗೊತ್ತಾದದ್ದು ರೆಕಾರ್ಡ್ ಅಂಗಡಿಯೊಂದರಲ್ಲಿ, ಹೊದಿಕೆಯ ಮೇಲೆ ಹಾಡಿದವರ ಪಟ್ಟಿಯಲ್ಲಿ ತನ್ನ ಹೆಸರು ಕಂಡಾಗ. ಹಾಡಿದವಳೆಂದು ಹೆಸರಿತ್ತು. ರಚಿಸಿದವರು ಎಂಬಲ್ಲಿ ಮಾತ್ರ ರೈಟ್ ಒಬ್ಬರದೇ ಹೆಸರು. ಮೂವತ್ತೊಂದು ವರ್ಷಗಳ ನಂತರ, 2004ರಲ್ಲಿ, ಆಕೆ ತಂಡದ ಮೇಲೂ ಕಂಪನಿಯ ಮೇಲೂ ದಾವೆ ಹೂಡಿದರು. ಆ ರಾಗ ನಾನು ಕಟ್ಟಿದ್ದು, ನಾನೂ ರಚನಕಾರಳು ಎಂಬುದು ಅವರ ವಾದ. 2005ರಲ್ಲಿ ರಾಜಿಯಾಯಿತು, ಷರತ್ತುಗಳು ಹೊರಬರಲಿಲ್ಲ. ಆಮೇಲೆ ಅಚ್ಚಾದ ಪ್ರತಿಗಳಲ್ಲಿ ಆ ಹಾಡಿನ ಮುಂದೆ ರೈಟ್ ಜೊತೆಗೆ ಟಾರಿ ಹೆಸರೂ ಇದೆ.

ಇದನ್ನು ಬಳ್ಳಾರಿಯಲ್ಲಿ ಕುಳಿತವರು ಯಾಕೆ ಬರೆಯಬೇಕು ಎಂದು ಓದುಗರು ಕೇಳಬಹುದು. ಆ ಹಾಡು ಬಳ್ಳಾರಿಗೂ ಬಂದಿತ್ತು ಎಂಬುದು ಮೊದಲ ಕಾರಣ. ತೊಂಬತ್ತರ ದಶಕದಲ್ಲಿ ನಮ್ಮೂರಿನಲ್ಲಿ ಕ್ಯಾಸೆಟ್ ತುಂಬಿಸಿಕೊಡುವ ಅಂಗಡಿಗಳಿದ್ದವು. ಖಾಲಿ ಕ್ಯಾಸೆಟ್ಟು ಕೊಟ್ಟು, ಬೇಕಾದ ಹಾಡುಗಳ ಪಟ್ಟಿ ಬರೆದಿಟ್ಟು ಬಂದರೆ ಎರಡು ದಿನದಲ್ಲಿ ತಯಾರು. ಒಂದು ಬದಿಗೆ ಕವ್ವಾಲಿ, ಇನ್ನೊಂದು ಬದಿಗೆ ರಾಜಕುಮಾರ್ ಹಾಡುಗಳು, ಕೊನೆಗೆ ಟೇಪು ಮಿಕ್ಕರೆ ಅಂಗಡಿಯವನ ಇಷ್ಟದ್ದು ಏನಾದರೊಂದು. ವೈದ್ಯಕೀಯ ಕಾಲೇಜು, ಇಂಜಿನಿಯರಿಂಗ್ ಕಾಲೇಜುಗಳ ಹಾಸ್ಟೆಲಿನ ಹುಡುಗರು ಹೊರಗಿನಿಂದ ತಂದ ಇಂಗ್ಲಿಷ್ ಕ್ಯಾಸೆಟ್ಟುಗಳು ಹೀಗೆಯೇ ಅಂಗಡಿಗೆ ಬಂದು, ನಕಲಾಗಿ, ಕೌಲ್ ಬಜಾರಿನ ಮನೆಗಳನ್ನೂ ತಲುಪುತ್ತಿದ್ದವು. ಉರ್ದು ಶಾಲೆಯಲ್ಲಿ ಅಲಿಫ್ ಬೇ ಕಲಿತು, ಆಮೇಲೆ ಕನ್ನಡ ಶಾಲೆಗೆ ಸೇರಿದ ನಮ್ಮಂಥವರಿಗೆ ಇಂಗ್ಲಿಷ್ ಹಾಡಿನ ಮಾತು ತಿಳಿಯುತ್ತಿರಲಿಲ್ಲ. ಈ ಒಂದು ಹಾಡಿಗೆ ಆ ತೊಂದರೆಯೇ ಇರಲಿಲ್ಲ, ಅದರಲ್ಲಿ ಮಾತೇ ಇಲ್ಲವಲ್ಲ. ಮನೆಯ ಹಿರಿಯ ಹೆಂಗಸರು ಅದನ್ನು ಹಾಡೆಂದು ಒಪ್ಪಲಿಲ್ಲ. ಯಾರ ಮನೆಯಲ್ಲಿ ಮೌತ್ ಆಗಿದೆ, ಯಾಕೆ ಈ ಹೆಣ್ಣು ಹೀಗೆ ಅಳುತ್ತಿದೆ ಎಂದು ಕೇಳಿದರು. ಆ ಹಾಡಿನ ವಸ್ತು ಸಾವು ಎಂಬುದು ನಮಗೆ ಎಷ್ಟೋ ವರ್ಷಗಳ ಮೇಲೆ ಓದಿನಿಂದ ತಿಳಿಯಿತು. ಅವರಿಗೆ ಕೇಳಿದ ಕೂಡಲೇ ತಿಳಿದಿತ್ತು.

ಆ ನಕಲು ಕ್ಯಾಸೆಟ್ಟಿನ ಮೇಲೆ ಹಾಡಿದವರ ಹೆಸರಿರಲಿಲ್ಲ. ಅಂಗಡಿಯವನು ನೀಲಿ ಪೆನ್ನಿನಲ್ಲಿ 'ಇಂಗ್ಲಿಷ್' ಎಂದಷ್ಟೇ ಬರೆದಿದ್ದ.

ಎರಡನೆಯ ಕಾರಣ, ಈ ಪ್ರಕರಣದೊಳಗಿನ ಪ್ರಶ್ನೆ ನಮ್ಮೂರ ಪ್ರಶ್ನೆಯೂ ಹೌದು. ಕೂಲಿ ಕೊಟ್ಟ ಮೇಲೆ ಋಣ ತೀರಿತೇ?

ತೀರಿತು ಎನ್ನುವವರ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು. ಸಿರುಗುಪ್ಪದ ಕಡೆ ತುಂಗಭದ್ರಾ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುತ್ತಾರೆ. ನಾಟಿಗೆ ಬರುವ ಹೆಂಗಸರು ಎಕರೆಗೆ ಇಷ್ಟು ಎಂದು ಮಾತಾಡಿಕೊಂಡು, ಮೊಣಕಾಲುದ್ದ ಕೆಸರಿನಲ್ಲಿ ಸೊಂಟ ಬಗ್ಗಿಸಿ ನಿಂತು, ಸಂಜೆಗೆ ಕೂಲಿ ಎಣಿಸಿಕೊಂಡು ಹೋಗುತ್ತಾರೆ. ಆ ವರ್ಷ ಅಕ್ಕಿಯ ದರ ಏರಿತೆಂದು ಅವರು ಹೊಲದ ಧಣಿಯ ಮನೆ ಬಾಗಿಲಿಗೆ ಮತ್ತೆ ಬರುವುದಿಲ್ಲ. ದರ ಬಿದ್ದರೆ ಧಣಿಯೂ ಕೊಟ್ಟ ಕೂಲಿಯನ್ನು ವಾಪಸು ಕೇಳುವುದಿಲ್ಲ. ನಷ್ಟ ಅವನದು, ಆದ್ದರಿಂದ ಲಾಭವೂ ಅವನದು. ದುಡಿದವನ ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬ ಪ್ರವಾದಿಯವರ ಉಪದೇಶವನ್ನು ನಮ್ಮ ಮನೆಗಳಲ್ಲಿ ಮಕ್ಕಳಿಗೂ ಹೇಳಿಕೊಡುತ್ತಾರೆ. ಟಾರಿಯ ಕೂಲಿ ಬೆವರು ಆರುವ ಮುನ್ನವೇ ಸಂದಿತ್ತು, ಅದೂ ದುಪ್ಪಟ್ಟಾಗಿ. ಹಾಗಾದರೆ ಮೂವತ್ತೊಂದು ವರ್ಷದ ಮೇಲೆ ಯಾವ ಬಾಕಿ?

ಈ ವಾದವನ್ನು ನಮ್ಮ ನಾಡಿನಲ್ಲಿ ಎತ್ತಿ ಹಿಡಿದವರು ಸಾಮಾನ್ಯರಲ್ಲ, ಮುಹಮ್ಮದ್ ರಫಿ. 1960ರ ದಶಕದ ಆರಂಭದಲ್ಲಿ ಲತಾ ಮಂಗೇಶ್ಕರ್ ಹಾಡಿನ ಗಳಿಕೆಯಲ್ಲಿ ಗಾಯಕರಿಗೂ ರಾಯಧನ ಬೇಕೆಂದು ಕೇಳಿದರು. ಹಾಡಿದ್ದಕ್ಕೆ ಒಪ್ಪಿದ ಹಣ ಪಡೆದ ಮೇಲೆ ಗಾಯಕನ ಹಕ್ಕು ಮುಗಿಯಿತು ಎಂದು ರಫಿ ಹೇಳಿದರು. ಆ ಭಿನ್ನಮತದಿಂದ ಇಬ್ಬರೂ ಕೆಲವು ವರ್ಷ ಜೊತೆಯಾಗಿ ಹಾಡಲಿಲ್ಲ. ರಫಿ ಸಾಹೇಬರೆಂದರೆ ನಮ್ಮ ಕಡೆ ಮನೆಯ ಹಿರಿಯರಿದ್ದಂತೆ. 1967ರ 'ಒಂದೇ ಬಳ್ಳಿಯ ಹೂಗಳು' ಚಿತ್ರದಲ್ಲಿ ಅವರು ಹಾಡಿದ ಕನ್ನಡ ಹಾಡನ್ನು ಕೇಳಿ ಇವರು ನಮ್ಮವರೇ ಎಂದು ಬೀಗಿದವರು ಬಹಳ. ದುಡ್ಡಿಲ್ಲದ ನಿರ್ಮಾಪಕರಿಗೆ ಅವರು ಬಿಡಿಗಾಸಿಗೆ ಹಾಡಿಕೊಟ್ಟ ಕಥೆಗಳನ್ನು ಕೇಳುತ್ತಲೇ ನಾವು ಬೆಳೆದಿದ್ದೇವೆ. ಅಂಥವರ ಬಾಯಿಂದ ಬಂದ ಮಾತಿಗೆ ಎದುರಾಡುವುದು ಕಷ್ಟ.

ಆದರೂ ಈ ವಿಷಯದಲ್ಲಿ ಲತಾ ಹೇಳಿದ್ದೇ ಸರಿ ಎಂದು ನಮಗೆ ಅನ್ನಿಸುತ್ತದೆ. ತನಗೆ ಬರಬೇಕಾದ್ದನ್ನು ಬಿಟ್ಟುಕೊಡುವುದು ದೊಡ್ಡ ಗುಣ. ಉರ್ದುವಿನಲ್ಲಿ ಅದನ್ನು ಎಹಸಾನ್ ಎನ್ನುತ್ತೇವೆ. ಇನ್ಸಾಫ್ ಬೇರೆ. ಒಬ್ಬ ರಫಿ ತನ್ನ ಪಾಲನ್ನು ಬಿಡಬಹುದು, ಅವರಿಗೆ ನಾಳೆಯೂ ಹಾಡು ಇದೆ, ನಾಡಿದ್ದೂ ಇದೆ. ಅವರ ಹಿಂದೆ ಸಾಲಾಗಿ ನಿಂತು ಕೋರಸ್ ಹಾಡಿದವರು, ಪಿಟೀಲು ಬಾರಿಸಿದವರು, ಒಂದೇ ಹಾಡಿಗೆ ಕೊಳಲೂದಿ ಊರಿಗೆ ಮರಳಿದವರು ಇದ್ದರಲ್ಲ? ಬಲ್ಲಿದನ ಔದಾರ್ಯವನ್ನೇ ನಿಯಮ ಮಾಡಿಬಿಟ್ಟರೆ ಬಡವನ ಕೊರಳಿಗೆ ಅದು ಉರುಲಾಗುತ್ತದೆ. ತನ್ನ ಹಕ್ಕನ್ನು ಬಿಡಬಹುದು, ಪಕ್ಕದವನ ಹಕ್ಕನ್ನು ಅವನ ಪರವಾಗಿ ಬಿಡಲಾಗದು.

ಭತ್ತದ ಗದ್ದೆಯ ಹೋಲಿಕೆಯೂ ಪೂರ್ತಿ ಹೊಂದುವುದಿಲ್ಲ. ನಾಟಿಗೆ ಕರೆದವನಿಗೂ ಬಂದವಳಿಗೂ ಕೆಲಸ ಏನೆಂದು ಮೊದಲೇ ಗೊತ್ತು: ಸಸಿ ಇದು, ಸಾಲು ಇದು, ಇಷ್ಟು ಗೇಣಿಗೊಂದು. ಅಬಿ ರೋಡಿನಲ್ಲಿ ಆ ಸಂಜೆ ಏನು ಹುಟ್ಟಲಿದೆ ಎಂದು ಕೂಲಿ ಕೊಟ್ಟವರಿಗೂ ಗೊತ್ತಿರಲಿಲ್ಲ, ಹಾಡಿದವಳಿಗೂ ಗೊತ್ತಿರಲಿಲ್ಲ. ನೀರೊಳಗಿನ ಮೀನನ್ನು, ಹಸುವಿನ ಹೊಟ್ಟೆಯಲ್ಲಿರುವ ಕರುವನ್ನು ಮಾರಬಾರದು ಎಂದು ನಮ್ಮ ಹಳೆಯ ಧರ್ಮಶಾಸ್ತ್ರಜ್ಞರು ಹೇಳಿದ್ದುಂಟು. ಕೊಡುವವನಿಗೂ ಕೊಳ್ಳುವವನಿಗೂ ಸರಕು ಕಾಣದಿರುವಾಗ ಒಬ್ಬನಿಗೆ ಮೋಸವಾಗುವುದು ಖಂಡಿತ, ಯಾರಿಗೆ ಎಂಬುದಷ್ಟೇ ಸಂಶಯ. ಅದೇ ಶಾಸ್ತ್ರಜ್ಞರು ಹೊತ್ತಿಗೆ ಇಷ್ಟೆಂದು ದುಡಿಮೆಯನ್ನು ಬಾಡಿಗೆಗೆ ಪಡೆಯಬಹುದು ಎಂದೂ ಹೇಳಿದ್ದಾರೆ. ಈ ಎರಡರ ನಡುವೆ ಗೆರೆ ಎಲ್ಲಿ ಎಂಬುದು ಪ್ರಶ್ನೆ. ಮೂವತ್ತು ಪೌಂಡು ಒಂದು ಭಾನುವಾರದ ಸಂಜೆಯನ್ನು ಕೊಂಡಿತು, ಸರಿ. ಆ ಸಂಜೆಯಲ್ಲಿ ಇಲ್ಲದ್ದೊಂದು ಹುಟ್ಟಿಬಿಟ್ಟರೆ ಅದನ್ನೂ ಕೊಂಡಂತಾಯಿತೇ? ಬಾವಿ ತೋಡಲು ಬಂದವನಿಗೆ ದಿನಗೂಲಿ. ಅವನು ತೋಡುವಾಗ ಹೊನ್ನು ಸಿಕ್ಕರೆ? ನಮ್ಮ ಜಿಲ್ಲೆಯ ಅದಿರಿನ ದಿನಗಳನ್ನು ಕಂಡವರಿಗೆ ಈ ಪ್ರಶ್ನೆ ಹೊಸದಲ್ಲ. ಆದರೆ ಹೊನ್ನು ಮೊದಲೇ ನೆಲದಲ್ಲಿತ್ತು ಎಂದಾದರೂ ಧಣಿ ಹೇಳಬಲ್ಲ. ಟಾರಿಯ ರಾಗ ರೈಟ್ ಬಾರಿಸಿದ ಸ್ವರಗಳ ಕೆಳಗೆ ಹೂತಿರಲಿಲ್ಲ. ಅದು ಆಕೆಯ ಕೊರಳಿನಲ್ಲಿ ಆ ಕ್ಷಣಕ್ಕೆ ಬಂತು. ಹೊತ್ತಿಗೆ ಕೂಲಿ ಸಾಕು, ಕಟ್ಟಿದ್ದಕ್ಕೆ ಪಾಲು ಬೇಕು. ನಮ್ಮ ತೀರ್ಮಾನ ಇಷ್ಟೇ.

ಕೂಲಿಯ ವಿಚಾರ ಬಂದಾಗ ರಿಚರ್ಡ್ ರೈಟ್ ಅವರ ಪಾಡನ್ನೂ ಹೇಳಬೇಕು. 1979ರಲ್ಲಿ 'ದ ವಾಲ್' ಆಲ್ಬಮ್ಮಿನ ಕೆಲಸ ನಡೆದಿದ್ದಾಗ ರೋಜರ್ ವಾಟರ್ಸ್ ಒತ್ತಡದಿಂದ ಅವರು ತಂಡದಿಂದ ಹೊರಬೀಳಬೇಕಾಯಿತು. 1980-81ರ ಪ್ರದರ್ಶನಗಳಿಗೆ ಮಾತ್ರ ಅವರನ್ನು ಸಂಬಳದ ವಾದಕನಾಗಿ ಇಟ್ಟುಕೊಂಡರು. ತಾನು ಹುಟ್ಟಿನಿಂದ ಇದ್ದ ಮನೆಯಲ್ಲಿ ಕೂಲಿಯಾಳು! ವೇದಿಕೆಯ ಮೇಲೆ ದೊಡ್ಡ ಗೋಡೆ ಕಟ್ಟಿ ಕೆಡವುವ ಆ ಪ್ರದರ್ಶನಕ್ಕೆ ಹಣ ನೀರಿನಂತೆ ಹರಿದು, ಪಾಲುದಾರರಾದ ಉಳಿದ ಮೂವರಿಗೆ ನಷ್ಟವಾಯಿತು. ಸಂಬಳ ಪಡೆದ ರೈಟ್ ಒಬ್ಬರಿಗೇ ಕೈಗೆ ಕಾಸು ಬಂತು ಎಂದು ಆ ತಂಡದ ಕಥೆ ಬರೆದವರೆಲ್ಲ ನಗುತ್ತ ಹೇಳುತ್ತಾರೆ. ಕೂಲಿಯವನಿಗೆ ನಷ್ಟವಿಲ್ಲ ಎಂಬ ಸಿರುಗುಪ್ಪದ ಲೆಕ್ಕ ಲಂಡನ್ನಿನಲ್ಲೂ ಸರಿಯಾಯಿತು. ಆದರೆ ಆ ಸಂಬಳದಿಂದ ರೈಟ್ ಅವರಿಗೆ ಸಮಾಧಾನವಾಗಿದ್ದಿರಬಹುದು ಎಂದು ನಂಬುವುದು ಕಷ್ಟ. ಮನುಷ್ಯನಿಗೆ ದುಡ್ಡಿನ ಜೊತೆಗೆ ಇನ್ನೇನೋ ಸಲ್ಲಬೇಕಿರುತ್ತದೆ.

'ದ ವಾಲ್' ಆಲ್ಬಮ್ಮಿನ ಬಹು ಪ್ರಸಿದ್ಧ ಹಾಡಿನಲ್ಲಿ ಮಕ್ಕಳ ಕೋರಸ್ ಇದೆ. ಮಕ್ಕಳನ್ನು ತುಳಿಯುವ ಶಾಲೆಯ ವಿರುದ್ಧದ ಹಾಡು ಅದು. 1979ರ ಕೊನೆಗೆ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿತ್ತು. ದಕ್ಷಿಣ ಆಫ್ರಿಕದಲ್ಲಿ ಕಪ್ಪು ವಿದ್ಯಾರ್ಥಿಗಳು ವರ್ಣಭೇದದ ಶಾಲೆಗಳ ಎದುರು ಅದನ್ನು ಹಾಡತೊಡಗಿದಾಗ ಅಲ್ಲಿನ ಸರ್ಕಾರ 1980ರಲ್ಲಿ ಅದನ್ನು ನಿಷೇಧಿಸಿತು. ಹಾಡಿದ ಮಕ್ಕಳು ಲಂಡನ್ನಿನ ಇಸ್ಲಿಂಗ್ಟನ್ ಗ್ರೀನ್ ಶಾಲೆಯವರು, ಇಪ್ಪತ್ತಕ್ಕಿಂತ ಹೆಚ್ಚು ಜನ. ಶಾಲೆಗೆ 1000 ಪೌಂಡು ಸಂದಿತು. ಮಕ್ಕಳ ಕೈಗೆ ಹಣ ಬರಲಿಲ್ಲ. ಅವರಲ್ಲಿ ಕೆಲವರು ಮಧ್ಯವಯಸ್ಸಿಗೆ ಬಂದ ಮೇಲೆ, 2004ರಲ್ಲಿ, ತಮ್ಮ ಪಾಲಿನ ರಾಯಧನ ಕೇಳಿದರು. ಹಾಡು ಯಾರ ಪರವಾಗಿ ಕೂಗುತ್ತದೋ ಅವರಿಗೇ ಅದರಲ್ಲಿ ಪಾಲಿರಲಿಲ್ಲ. ನಮ್ಮ ಕಡೆಯ ಎಷ್ಟೋ ಸಾಹಿತ್ಯಕ್ಕೂ ಈ ಮಾತು ತಗಲುತ್ತದೆ, ಕತೆ ಬರೆಯುವ ನಾವು ಇಲ್ಲಿ ಸ್ವಲ್ಪ ನಿಂತು ಹೋಗುವುದು ಒಳ್ಳೆಯದು.

ತಂಡದ ಹೆಸರೇ ಸಾಲದ್ದು. ಪಿಂಕ್ ಆಂಡರ್ಸನ್, ಫ್ಲಾಯ್ಡ್ ಕೌನ್ಸಿಲ್ ಎಂಬಿಬ್ಬರು ಅಮೆರಿಕದ ಕರಿಯ ಗಾಯಕರಿದ್ದರು, ಗಿಟಾರ್ ಹಿಡಿದು ಬ್ಲೂಸ್ ಹಾಡಿಕೊಂಡಿದ್ದವರು. 1965ರಲ್ಲಿ ಸಿಡ್ ಬ್ಯಾರೆಟ್ ಎಂಬ ಯುವಕ ಆ ಇಬ್ಬರ ಹೆಸರಿನ ಮೊದಲರ್ಧಗಳನ್ನು ಜೋಡಿಸಿ ತಂಡಕ್ಕಿಟ್ಟ. ಇಪ್ಪತ್ತು ವರ್ಷದ ಮೇಲೆ ವಾಟರ್ಸ್ ತಂಡ ಬಿಟ್ಟು, ಆ ಹೆಸರನ್ನು ಇನ್ನು ಯಾರೂ ಬಳಸಕೂಡದೆಂದು 1986ರಲ್ಲಿ ನ್ಯಾಯಾಲಯಕ್ಕೆ ಹೋದರು. ಉಳಿದವರು ಹೆಸರು ನಮ್ಮದು ಎಂದರು. 1987ರ ಕೊನೆಗೆ ಇತ್ಯರ್ಥವಾಯಿತು, ಹೆಸರು ಉಳಿದವರ ಪಾಲಾಯಿತು. ಆಂಡರ್ಸನ್ 1974ರಲ್ಲೂ ಕೌನ್ಸಿಲ್ 1976ರಲ್ಲೂ ತೀರಿಕೊಂಡಿದ್ದರು. 2024ರ ಅಕ್ಟೋಬರಿನಲ್ಲಿ ಪಿಂಕ್ ಫ್ಲಾಯ್ಡ್ ತನ್ನ ಧ್ವನಿಮುದ್ರಣಗಳನ್ನೂ ಹೆಸರನ್ನೂ ಸೋನಿ ಕಂಪನಿಗೆ ಮಾರಿತು. ಬೆಲೆ ಸುಮಾರು 40 ಕೋಟಿ ಡಾಲರ್ ಎಂದು ಪತ್ರಿಕೆಗಳು ಬರೆದವು.

ಇಷ್ಟರವರೆಗೆ ಹಣದ ಮಾತಾಯಿತು. ಹೆಸರಿನ ಮಾತಿಗೆ ಬಂದರೆ ನಮ್ಮ ಪರಂಪರೆಗೆ ಒಂದು ಜಾಣ್ಮೆಯಿದೆ. ರಾಕ್ ಆಲ್ಬಮ್ಮಿನಲ್ಲಿ ಹೆಸರು ಇರುವುದು ಹೊದಿಕೆಯ ಮೇಲೆ. ಹೊದಿಕೆ ಹರಿದರೆ ಹೆಸರು ಹೋಯಿತು. ನಮ್ಮ ಕ್ಯಾಸೆಟ್ ಅಂಗಡಿಯಲ್ಲಿ ಆದದ್ದು ಅದೇ. ಆಮೇಲೆ ನೂರೈವತ್ತು ಹಾಡುಗಳ ಎಂಪಿ3 ಸಿ.ಡಿ. ಬಂತು, ಆಮೇಲೆ ಮೊಬೈಲಿನ ಮೆಮೊರಿ ಕಾರ್ಡಿಗೆ ಹಾಡು ಹಾಕಿಕೊಡುವ ಅಂಗಡಿಗಳು ಬಂದವು. ಪ್ರತಿ ಸಲವೂ ಹೊದಿಕೆ ಇನ್ನಷ್ಟು ತೆಳುವಾಗಿ ಕೊನೆಗೆ ಇಲ್ಲವೇ ಆಯಿತು. ವಚನಕಾರರೂ ದಾಸರೂ ತತ್ವಪದಕಾರರೂ ಅಂಕಿತವನ್ನು ಹಾಡಿನ ಒಳಗೇ ಹೆಣೆದಿಟ್ಟರು. ಗಜಲಿನ ಕೊನೆಯ ಶೇರ್ ಆದ ಮಕ್ತಾದಲ್ಲಿ ಶಾಯರ್ ತನ್ನ ತಖಲ್ಲುಸ್ ಸೇರಿಸುತ್ತಾನೆ. ಉರ್ದು ತರಗತಿಯಲ್ಲಿ ಮಕ್ತಾ, ಕನ್ನಡ ತರಗತಿಯಲ್ಲಿ ಅಂಕಿತ ಕಲಿತ ನಮಗೆ ಇವೆರಡೂ ಒಂದೇ ಯುಕ್ತಿಯೆಂದು ಬಹಳ ಬೇಗ ಹೊಳೆದಿತ್ತು. ಎಷ್ಟು ನಕಲು ಮಾಡಿದರೂ ಹೆಸರು ಹಾಡಿನ ಜೊತೆಗೇ ನಡೆದು ಬರುತ್ತದೆ. ಹಾಗೆಂದು ಅದು ಒಡೆತನದ ಮುದ್ರೆಯಲ್ಲ. ಶಿಶುನಾಳ ಶರೀಫರ ಅಂಕಿತದಲ್ಲಿ ಇರುವುದು ಅವರ ಊರಿನ ಒಡೆಯನ ಹೆಸರು, ಅವರದಲ್ಲ. ಹಾಡು ನನಗೆ ಎಲ್ಲಿಂದ ಬಂತು ಎಂಬ ವಿಳಾಸ ಅದು. ಇಟ್ಟುಕೊಂಡವನ ಬಳಿ ಇರುವ ಅಮಾನತ್ತಿನ ಮೇಲೆ ಕೊಟ್ಟವನ ಗುರುತು ಇರುತ್ತದಲ್ಲ, ಹಾಗೆ.

ಮೈಸೂರಿನ ರಘು ದೀಕ್ಷಿತ್ ತಮ್ಮ ತಂಡದೊಂದಿಗೆ 2008ರಲ್ಲಿ ತಂದ ಮೊದಲ ಆಲ್ಬಮ್ಮಿನಲ್ಲಿ ಶರೀಫರ ಎರಡು ಪದಗಳಿವೆ. ಅವರು ಗಿಟಾರ್, ಡ್ರಮ್ಮುಗಳ ಜೊತೆ 2010ರಲ್ಲಿ ಬಿ.ಬಿ.ಸಿ.ಯ ಸಂಗೀತ ಕಾರ್ಯಕ್ರಮಕ್ಕೂ ಹೋಗಿಬಂದರು. 1889ರಲ್ಲಿ ತೀರಿಕೊಂಡ ಶರೀಫರಿಗೆ ಯಾವ ಕಾನೂನೂ ರಾಯಧನ ಕೊಡಿಸದು. ಆದರೆ ಲಂಡನ್ನಿನಲ್ಲಿ ಒಂದು ಅಕ್ಷರ ಕನ್ನಡ ಬಾರದವರ ಮುಂದೆಯೂ ಶಿಶುನಾಳದ ವಿಳಾಸವನ್ನು ಬಿಟ್ಟು ಆ ಪದ ಮುಗಿಯುವಂತಿಲ್ಲ. ಟಾರಿಗೆ ಈ ದಾರಿ ಇರಲಿಲ್ಲ. ಮಾತೇ ಇಲ್ಲದ ಹಾಡಿನಲ್ಲಿ ಆಕೆ ಅಂಕಿತವನ್ನು ಎಲ್ಲಿ ಇಡಬೇಕಿತ್ತು? ನ್ಯಾಯಾಲಯಕ್ಕೆ ಹೋಗದೆ ಬೇರೆ ಗತಿಯಿರಲಿಲ್ಲ.

ನಮ್ಮದು ಮಾತ್ರ ಚೆನ್ನಾಗಿದೆ ಎಂದು ಹೇಳಹೊರಟಿಲ್ಲ. ಸಂಡೂರು ತಾಲೂಕಿನ ದರೋಜಿ ಈರಮ್ಮ 2014ರಲ್ಲಿ ತೀರಿಕೊಂಡರು. ಅಕ್ಷರ ಬಾರದ ಆ ಬುಡ್ಗ ಜಂಗಮರ ತಾಯಿಯ ನಾಲಗೆಯ ಮೇಲೆ ಕುಮಾರರಾಮ ಮೊದಲಾದ ದೊಡ್ಡ ದೊಡ್ಡ ಬುರ್ರಕಥೆ ಕಾವ್ಯಗಳಿದ್ದವು. ಹಂಪಿ ಕನ್ನಡ ವಿಶ್ವವಿದ್ಯಾಲಯ ಅವನ್ನು ಅಚ್ಚಿಗೆ ತಂದಿತು, ಅವರಿಗೆ ನಾಡೋಜ ಗೌರವವನ್ನೂ ಕೊಟ್ಟಿತು. ಅಷ್ಟು ಅದೃಷ್ಟ ಎಲ್ಲರಿಗಿಲ್ಲ. ಜನಪದ ಗೀತೆಗಳ ಹಳೆಯ ಸಂಕಲನಗಳನ್ನು ತೆರೆದು ನೋಡಿ. ಮುಖಪುಟದಲ್ಲಿ ಸಂಗ್ರಾಹಕರ ಹೆಸರು, ಪದವಿಯ ಸಮೇತ. ಹಾಡಿದವರು ಕೊನೆಯ ಪುಟಗಳ ಅನುಬಂಧದಲ್ಲಿ: ಹೆಸರು, ವಯಸ್ಸು, ಜಾತಿ, ಊರು. ಕೆಲವು ಪುಸ್ತಕಗಳಲ್ಲಿ ಅದೂ ಇಲ್ಲ. ಜಾನಪದಕ್ಕೆ ಕರ್ತೃವಿಲ್ಲ ಎಂಬ ಒಂದು ಸಿದ್ಧಾಂತವನ್ನು ಇದಕ್ಕೆ ಸಮರ್ಥನೆಯಾಗಿ ಹೇಳುತ್ತಾರೆ. ಕರ್ತೃ ಇಲ್ಲದಿರಬಹುದು. ಆ ದಿನ ಕುಳಿತು ಗಂಟೆಗಟ್ಟಲೆ ಹಾಡಿದ ಹೆಂಗಸು ಇದ್ದಳಲ್ಲ!

ಕಾನೂನು ಈಗ ಸ್ವಲ್ಪ ಸುಧಾರಿಸಿದೆ. 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ಪ್ರದರ್ಶಕರ ಹಕ್ಕು ಸೇರಿತು, 2012ರ ತಿದ್ದುಪಡಿ ಅದನ್ನು ಗಟ್ಟಿ ಮಾಡಿತು. ಹಾಡುವವನ ಒಪ್ಪಿಗೆಯಿಲ್ಲದೆ ಅವನ ಹಾಡನ್ನು ಮುದ್ರಿಸಿಕೊಂಡು ವ್ಯಾಪಾರ ಮಾಡುವಂತಿಲ್ಲ, ಮಾಡಿದ ವ್ಯಾಪಾರದಲ್ಲಿ ಅವನಿಗೂ ಪಾಲಿದೆ. ಲತಾ ಐವತ್ತು ವರ್ಷ ಹಿಂದೆ ಕೇಳಿದ್ದು ಹೀಗೆ ಕಾಗದದ ಮೇಲೆ ಬಂತು. ಹಳ್ಳಿಯ ಹಾಡುಗಾರನೂ ಆ ಕಾಯ್ದೆಯ ಪ್ರಕಾರ ಪ್ರದರ್ಶಕನೇ. ಬಳ್ಳಾರಿಯ ಕೋರ್ಟಿಗೆ ಬಂದು ವಕೀಲರನ್ನು ಹಿಡಿಯಲು ಅವನಿಗೆ ಬಸ್ ಚಾರ್ಜು ಯಾರು ಕೊಡಬೇಕು ಎಂಬುದನ್ನು ಕಾಯ್ದೆ ಹೇಳುವುದಿಲ್ಲ.

ಕುರುಗೋಡು ಸಮೀಪದ ಹಳ್ಳಿಯೊಂದರ ಹಿರಿಯರನ್ನು ನಾವು ಬಲ್ಲೆವು. ಕುರುಬರ ಮನೆತನ, ದೊಡ್ಡಬಸವೇಶ್ವರನ ಒಕ್ಕಲು. ಮೊಹರಂ ಬಂತೆಂದರೆ ಪೀರಲ ದೇವರ ಮುಂದೆ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವ ಮೇಳಕ್ಕೆ ಅವರೇ ಮುಂದಾಳು. ಕರ್ಬಲಾದ ಕಥೆಯ ಕನ್ನಡ ರಿವಾಯತ್ ಪದಗಳು ಅವರಿಗೆ ಬಾಯಿಪಾಠ. ನೀರು ಸಿಗದ ಮಕ್ಕಳ ಭಾಗ ಬಂದಾಗ ಹಿಮ್ಮೇಳದವರಲ್ಲಿ ಹಿಂದೂ ಯಾರು, ತುರುಕ ಯಾರು ಎಂದು ಕಣ್ಣು ನೋಡಿ ಹೇಳಲಾಗದು. ಇಂಥ ಪದಗಳ ಕೊನೆಯ ನುಡಿಯಲ್ಲಿ ಪದ ಕಟ್ಟಿದವನ ಊರು, ಅವನ ಗುರುವಿನ ಹೆಸರು ಬರುವುದು ವಾಡಿಕೆ.

ಕೆಲವು ವರ್ಷಗಳ ಹಿಂದೆ ಹೊರಗಿನಿಂದ ಬಂದ ಹುಡುಗರು ಇವರ ಹಾಡನ್ನು ಮುದ್ರಿಸಿಕೊಂಡು ಹೋದರು. ಶಾಲು ಹೊದಿಸಿ, ಐನೂರು ರೂಪಾಯಿ ಕೈಗಿಟ್ಟು, ಕಾಲಿಗೆ ಬಿದ್ದು ಹೋದರಂತೆ. ಕೂಲಿಯೂ ಸಂದಿತು, ಮರ್ಯಾದೆಯೂ ಸಂದಿತು. ಮುಂದೆ ಮೊಮ್ಮಗನ ಮೊಬೈಲಿನಲ್ಲಿ ಆ ಹಾಡು ಬಂತು, ಕೀಬೋರ್ಡು ತಮಟೆ ಎಲ್ಲ ಸೇರಿಸಿಕೊಂಡು, ಲಕ್ಷಗಟ್ಟಲೆ ಜನ ನೋಡಿದ ಲೆಕ್ಕದ ಸಮೇತ. ನಾವು ಮಾತಾಡಿಸಲು ಹೋದದ್ದು ಹಣದ ವಿಷಯಕ್ಕೆ. ಒಂದು ಅರ್ಜಿ ಬರೆದುಕೊಡೋಣ, ಹಕ್ಕು ನಿಮ್ಮದಿದೆ ತಾತ ಎಂದು ಹೇಳುವುದು ನಮ್ಮ ಉದ್ದೇಶ.

ತಾತ ಹಣದ ಮಾತನ್ನು ಕೇಳಿಸಿಕೊಂಡಂತೆಯೇ ಕಾಣಲಿಲ್ಲ.

"ಕೊನಿ ನುಡಿ ಕಡದಾರ, ಸಾಬ್ರೆ," ಎಂದರು. "ಉದ್ದ ಆತು ಅಂತ. ನಮ್ ಗುರುವಿನ ಹೆಸ್ರು ಇರೋದೇ ಅದ್ರಾಗ. ಹುಸೇನಪ್ಪನ ತಲಿ ಕಡದ ಪದಾ ಅದು, ಆ ಪದದ ತಲೀನೂ ಕಡದು ಒಯ್ದಾರ ನೋಡ್ರಿ."

ಟಾರಿಯ ಮೊಕದ್ದಮೆಗೂ ಇದಕ್ಕೂ ಇರುವ ಅಂತರ ನಮಗೆ ಆಗ ಕಂಡಿತು. ಆಕೆ ಕೇಳಿದ್ದು ತನ್ನ ಹೆಸರನ್ನು, ಅದು ನ್ಯಾಯವೇ. ಈ ಮನುಷ್ಯ ಕೇಳುತ್ತಿದ್ದುದು ತನ್ನ ಹೆಸರನ್ನಲ್ಲ. ತನಗೆ ಹಾಡು ಕೊಟ್ಟವನ ಹೆಸರು ತನ್ನ ಕೊರಳಿನಲ್ಲಿ ಕಳೆದುಹೋಯಿತು ಎಂಬ ಸಂಕಟ ಅವರದು. ಮಾಡಿದವರು ಬೇರೆ, ಉತ್ತರ ಹೇಳಬೇಕಾದವನು ತಾನು ಎಂದು ಅವರು ತಿಳಿದಿದ್ದರು. ಅಮಾನತ್ ಹೊತ್ತವನ ಭಯ ಹೀಗೇ ಇರುತ್ತದೇನೋ. ಯಾವ ನ್ಯಾಯಾಲಯದಲ್ಲಿ ಇದಕ್ಕೆ ಅರ್ಜಿ ಬರೆಯುವುದು?

ಆ ಹುಡುಗರು ಕೇಳಿದ್ದರೆ ನೀವು ಒಪ್ಪುತ್ತಿದ್ದಿರಾ ಎಂದು ವಿಚಾರಿಸಿದೆವು.

"ಯಾಕ ಒಪ್ಪಂಗಿಲ್ಲ? ಫೋನಿನಾಗ ಅಷ್ಟುದ್ದ ಯಾರು ಕೇಳ್ತಾರ, ನನಗೂ ಗೊತ್ತೈತಿ. ನನ್ನ ಒಂದು ಮಾತು ಕೇಳಿದ್ರ ನಾನೇ ನಡುವಿನ ಎರಡು ನುಡಿ ಬಿಟ್ಟು ಹಾಡ್ತಿದ್ದೆ. ನಡುವಿನವು ಹೋದ್ರೂ ನಡೀತೈತಿ."

ಯಾವ ಎರಡು ನುಡಿ ಎಂದು ಕೇಳಿದ್ದಕ್ಕೆ ಅವರು ಅಲ್ಲೇ ಕಟ್ಟೆಯ ಮೇಲೆ ಕುಳಿತು, ಬಿಡಬಹುದಾದ ಆ ಎರಡನ್ನೂ ನಮಗೆ ಪೂರ್ತಿಯಾಗಿ ಹಾಡಿ ತೋರಿಸಿದರು.